ಕಾಕಾನ ಕೈಯಿಂದ ಕೆಂಚ ತುತ್ತು ತಿಂದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಕುರಿಹಿಂಡಿನ ನಾಯಿ ಅಪ್ಪನ ಕೈಯೊಂದನ್ನು ಬಿಟ್ಟು ಬೇರೆ ಯಾರ ಕೈಯಿಂದಲೂ ಏನನ್ನೂ ತಿನ್ನುತ್ತಿರಲಿಲ್ಲ. ನಾನು ಕೊಟ್ಟರೆ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಅವ್ವ ಕೊಟ್ಟರೆ ಅಷ್ಟು ಮರ್ಯಾದೆಯೂ ಇಲ್ಲ, ಎದ್ದು ಆಚೆ ಹೋಗಿ ಮಲಗಿಬಿಡುತ್ತಿತ್ತು. ಅವ್ವನಿಗೆ ಇದರಿಂದ ಮೈಯೆಲ್ಲ ಉರಿ. "ನಾ ಬಡದ ರೊಟ್ಟಿ ಬೇಕು, ನನ್ನ ಕೈ ಬ್ಯಾಡ ಇದಕ. ಥೇಟ್ ನಿಮ್ಮಪ್ಪನಂಗ ಐತಿ," ಎಂದು ನಮ್ಮ ಮುಂದೆ ಬೈಯುತ್ತಿದ್ದಳು. ಅಪ್ಪ ಕೇಳಿಯೂ ಕೇಳದವನ ಹಾಗೆ ಮೀಸೆಯಲ್ಲೇ ನಗುತ್ತಿದ್ದ.

ಅದರ ಹೆಸರು ಕೆಂಚ. ಮೈ ಬಣ್ಣ ಸುಟ್ಟ ಇಟ್ಟಿಗೆಯ ಹಾಗೆ ಕೆಂಪು, ಒಂದು ಕಿವಿ ನೆಟ್ಟಗೆ, ಇನ್ನೊಂದು ಕಿವಿಯ ತುದಿ ಯಾವುದೋ ಕಾದಾಟದಲ್ಲಿ ಹರಿದುಹೋಗಿತ್ತು. ನಮ್ಮ ಊರು ಶಲವಡಿಯ ಕಡೆ. ಸುತ್ತ ಎಲ್ಲಿ ನೋಡಿದರೂ ಕಪ್ಪು ಎರಿಹೊಲ, ನೆರಳಿಗೆ ಒಂದು ಮರ ಬೇಕೆಂದರೆ ಬಹಳ ದೂರ ನಡೆಯಬೇಕು. ಅಪ್ಪನಿಗೆ ಹೊಲ ಇದ್ದದ್ದು ಹೆಸರಿಗೆ. ಅವನ ಬದುಕೆಲ್ಲ ಕುರಿಗಳ ಹಿಂದೆ. ಬೆಳೆ ಕೊಯ್ದಾದ ಹೊಲಗಳಲ್ಲಿ ಹಿಂಡನ್ನು ರಾತ್ರಿ ತರುಬಿದರೆ ಭೂಮಿಗೆ ಗೊಬ್ಬರ ಆಗುತ್ತಿತ್ತು, ಹೊಲದವರು ಅದಕ್ಕೆ ಕಾಳು ಕೊಡುತ್ತಿದ್ದರು. ಹಾಗೆ ಊರಿಂದೂರಿಗೆ ಹೋಗುವ ಹಿಂಡಿಗೆ ಒಳ್ಳೆಯ ನಾಯಿ ಇಲ್ಲದಿದ್ದರೆ ನಡೆಯುವುದೇ ಇಲ್ಲ. ತೋಳದ ಭಯ ಒಂದು ಕಡೆ, ಕಳ್ಳರ ಭಯ ಇನ್ನೊಂದು ಕಡೆ.

ಕೆಂಚನಿಗೆ ಅಪ್ಪ ಪಾಠ ಹೇಳಿದ್ದನ್ನು ನಾನು ಹತ್ತಿರ ಕೂತು ನೋಡಿದವಳು. ಅವ್ವ ಒಣಗಿಸಿಟ್ಟ ಕಟಕ ಜೋಳದ ರೊಟ್ಟಿಗೆ ಇಷ್ಟೇ ಇಷ್ಟು ಬೆಣ್ಣೆ ಸವರಿ, ಹೆಬ್ಬೆರಳ ಉಗುರಿನಷ್ಟು ಚೂರು ಮಾಡಿ, ಅಂಗಿಯ ಜೇಬಿನಲ್ಲಿ ತುಂಬಿಕೊಳ್ಳುತ್ತಿದ್ದ. ಆ ಜೇಬಿಗೆ ಇರುವೆ ಮುತ್ತದ ದಿನವೇ ಇರಲಿಲ್ಲ. ಚದುರಿದ ಕುರಿಯನ್ನು ಕೆಂಚ ಗುಂಪಿಗೆ ಸೇರಿಸಿತು ಅನ್ನುವಷ್ಟರಲ್ಲಿ ಅಪ್ಪನ ಬಾಯಿಂದ "ಶಾಬಾಸ್" ಬರುತ್ತಿತ್ತು, ಮರುಗಳಿಗೆಗೆ ಕೈಯಿಂದ ಚೂರು. ಯಾಕೆ ಅಷ್ಟು ಅವಸರ ಅಂತ ನಾನು ಕೇಳಿದ್ದೆ. "ಕೆಲಸ ಆದ ಕೂಡ್ಲೆ ಕೊಡಬೇಕು ಯವ್ವಾ. ನಾ ಗಂಟ ಬಿಚ್ಚಕೋತ ಕುಂತ್ರ ಅಷ್ಟರಾಗ ಅದು ಕಿವಿ ಕೆರಕೋತಿರ್ತೈತಿ. ಆವಾಗ ಕೊಟ್ರ ಕಿವಿ ಕೆರಕೊಂಡದ್ದಕ್ಕ ಕೊಟ್ಟಾರಂತ ತಿಳಕೋತೈತಿ," ಅಂದಿದ್ದ. ದೊಡ್ಡ ತುಂಡು ಕೊಡಬಾರದು, ತಿನ್ನುತ್ತ ಕೂತರೆ ಕುರಿ ಯಾರು ಕಾಯಬೇಕು? ಕಲಿತ ಮೇಲೆ ಪ್ರತಿ ಸಲ ಕೊಡಬಾರದು, ಒಮ್ಮೆ ಚೂರು, ಒಮ್ಮೆ ಬರೀ ಶಾಬಾಸ್, ಒಮ್ಮೆ ಕತ್ತಿನ ಕೆಳಗೆ ಕೆರೆಯುವುದು. ಸುಮ್ಮಸುಮ್ಮನೆ ಮಾತ್ರ ಎಂದೂ ಕೊಡಬಾರದು. ಬಡಿಗೆ ಎತ್ತಿದ್ದನ್ನಂತೂ ನಾನು ನೋಡಲೇ ಇಲ್ಲ. ಅಪ್ಪ ನಮಗೆ ಒಂದೊಂದು ಸಲ ಬಡಿಯುತ್ತಿದ್ದ, ಕೆಂಚನಿಗೆ ಇಲ್ಲ. ಅಕ್ಕ ಇದನ್ನು ಮುಖದ ಮೇಲೇ ಹೇಳಿ ತೋರಿಸಿದಳು, ಅದಕ್ಕೂ ಒಂದು ಬಿತ್ತು.

ಇನ್ನು ಒಂದೇ ಕೈಯಿಂದ ತಿನ್ನುವ ರೂಢಿ. ಕುರಿಕಳ್ಳರು ಮೊದಲು ನಾಯಿಗೆ ರೊಟ್ಟಿಯೋ ಎಲುಬೋ ಎಸೆಯುತ್ತಾರೆ. ನಾಯಿ ಅದರ ಹಿಂದೆ ಹೋದರೆ ಇತ್ತ ಮರಿ ಮಾಯ. ಅದಕ್ಕೇ ಅಪ್ಪ ಕೆಂಚ ಮರಿಯಿದ್ದಾಗಿನಿಂದ ತನ್ನ ಕೈ ಬಿಟ್ಟರೆ ಬೇರೆ ಕೈ ಗೊತ್ತಾಗದ ಹಾಗೆ ಬೆಳೆಸಿದ. ಸಂಜೆಯ ನುಚ್ಚನ್ನೂ ತಾನೇ ಹಾಕುತ್ತಿದ್ದ. ಎಲ್ಲ ಕುರಿಗಾರರೂ ಹಾಗೇ ಕಲಿಸುತ್ತಾರೆ, ಆದರೆ ತಮ್ಮನದೋ ಮಗನದೋ ಇನ್ನೊಂದು ಕೈಯನ್ನು ಜೊತೆಗೆ ರೂಢಿ ಮಾಡಿಸಿರುತ್ತಾರೆ. ಅಪ್ಪ ಮಾಡಿಸಲಿಲ್ಲ. ಅವನ ತಮ್ಮ, ನಮ್ಮ ಕಾಕಾ, ಎಷ್ಟೋ ಸಲ ಹೇಳಿದ್ದ, "ಅಣ್ಣಾ, ನಾಳೆ ನಿನಗ ಜ್ವರ ಬಂದು ಮಲಗಿದ್ರ ಇದರ ಗತಿ ಏನು?" ಅಂತ. "ನನಗ ಯಾಕ ಬರ್ತೈತಲೇ ಜ್ವರ," ಎಂದು ಅಪ್ಪ ಹಾರಿಸಿಬಿಡುತ್ತಿದ್ದ. ಅಪ್ಪನಿಗೆ ಆ ನಾಯಿ ತನ್ನೊಬ್ಬನದೇ ಅನ್ನುವ ಹೆಮ್ಮೆ ಇತ್ತು. ಅದು ತಪ್ಪೆಂದು ನಾನು ಹೇಳಲಾರೆ, ಆದರೆ ಆ ಹೆಮ್ಮೆ ನಮ್ಮೆಲ್ಲರಿಗೂ ತುಟ್ಟಿಯಾಯಿತು.

ಅಪ್ಪನಿಗೆ ಬಂದದ್ದು ಜ್ವರವಲ್ಲ, ದಮ್ಮು. ಮೊದಮೊದಲು ಮುಂಜಾನೆ ಕೆಮ್ಮು. ಆಮೇಲೆ ನಾಲ್ಕು ಹೆಜ್ಜೆ ನಡೆದರೆ ಎದೆಯಲ್ಲಿ ಸೀಟಿ ಊದಿದ ಹಾಗೆ ಸದ್ದು. ಅಣ್ಣಿಗೇರಿಯ ಡಾಕ್ಟರು ಎದೆಗೆ ನಳಿಗೆ ಹಚ್ಚಿ ನೋಡಿ, ಇನ್ನು ಕುರಿ ಹಿಂದೆ ಹೋಗುವುದು ಬೇಡ, ಇಬ್ಬನಿಯಲ್ಲಿ ಮಲಗುವುದಂತೂ ಬೇಡವೇ ಬೇಡ ಅಂದರು. ಅಪ್ಪ ಮನೆಗೆ ಬಂದವನೇ ಕಾಕಾನನ್ನು ಕರೆಸಿ, ನಮ್ಮ ಕುರಿಗಳನ್ನೂ ನಿನ್ನ ಹಿಂಡಿಗೆ ಕೂಡಿಸಿಕೋ ಅಂದ. ಸಂಕ್ರಾಂತಿ ಮುಗಿದ ಮೇಲೆ ಕಾಕಾ ಹಿಂಡು ಹೊಡೆದುಕೊಂಡು ಕಲಘಟಗಿಯ ಕಡೆ ಹೋಗುವವನಿದ್ದ. ಅಲ್ಲಿ ಭತ್ತ ಕೊಯ್ದ ಗದ್ದೆಗಳಿರುತ್ತವೆ, ಆಚೆ ಕಾಡು.

ನಮ್ಮವರಲ್ಲಿ ಒಂದು ಪದ್ಧತಿ. ಹಿಂಡು ಯಾರಿಗೋ ನಾಯಿ ಅವರಿಗೆ. ಕುರಿ ಕೊಟ್ಟು ನಾಯಿಯನ್ನು ಇಟ್ಟುಕೊಳ್ಳುವವರನ್ನು ಜನ ಆಡಿಕೊಳ್ಳುತ್ತಾರೆ. ಕೆಂಚ ಕಾಕಾನ ಜೊತೆ ಹೋಗಲೇಬೇಕಿತ್ತು. ಕಾಕಾನ ಹತ್ತಿರ ಇದ್ದದ್ದು ಮುದಿ ನಾಯಿ, ಅದಕ್ಕೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಕೆಂಚ ಇಲ್ಲದೆ ಇಷ್ಟು ದೊಡ್ಡ ಹಿಂಡನ್ನು ಕಾಡಿನ ಅಂಚಿಗೆ ಒಯ್ಯುವುದು ಕಾಕಾನಿಗೆ ಆಗದ ಮಾತು. ಆದರೆ ಕಾಕಾ ಕೊಟ್ಟದ್ದನ್ನು ಕೆಂಚ ಮುಟ್ಟಲಿಲ್ಲ. ಅಪ್ಪ ಬೇಕೆಂದೇ ಮನೆಯಲ್ಲಿ ಉಳಿದು ಕಾಕಾನ ಕೈಯಿಂದ ಹಾಕಿಸಿ ನೋಡಿದ. ನುಚ್ಚು ಹಾಗೇ ಹಳಸಿತು. ಕೆಂಚನ ಪಕ್ಕೆಲುಬು ಕಾಣುವಂತಾದಾಗ ಅಪ್ಪನೇ ಮನಸ್ಸು ತಡೆಯದೆ ಹೋಗಿ ಹಾಕಿ ಬಂದ. ಹೀಗೆ ಹೊರಡುವ ದಿನದ ಹಿಂದಿನ ದಿನ ಬಂದೇಬಿಟ್ಟಿತು.

ಆ ದಿನವೇ ನಾನು ನಿಮಗೆ ಹೇಳಬೇಕೆಂದಿರುವುದು.

ಮುಂಜಾನೆ ಥಂಡಿ ಬಹಳ ಇತ್ತು. ಕೆರೆ ದಂಡೆಯ ಬಯಲಿನಲ್ಲಿ ಕಾಕಾ ಹಿಂಡು ನಿಲ್ಲಿಸಿದ್ದ. ಬಯಲಿಗೆ ಹತ್ತಿಕೊಂಡೇ ಕಡಲೆ ಹೊಲ, ಗಿಡದ ಮೇಲಿನ ಇಬ್ಬನಿ ಅಂಗಾಲಿಗೆ ತಾಗಿದರೆ ಚುರುಗುಟ್ಟುತ್ತಿತ್ತು, ಬೆರಳಿಗೆ ಹಚ್ಚಿ ನೆಕ್ಕಿದರೆ ಹುಳಿ. ಗಾಳಿಯಲ್ಲಿ ಕುರಿಯ ಉಣ್ಣೆಯ ವಾಸನೆ, ಎಲ್ಲೋ ಹಸಿ ಕಡಲೆಯ ಸುಲಗಾಯಿ ಸುಡುವ ಹೊಗೆ. ಅಪ್ಪ ಕಂಬಳಿ ಹೊದ್ದು, ನನ್ನ ಹೆಗಲ ಮೇಲೆ ಕೈ ಊರಿ ನಿಲ್ಲುತ್ತ ನಿಲ್ಲುತ್ತ ಅಲ್ಲಿಗೆ ಬಂದ. ಅವನನ್ನು ಕಂಡದ್ದೇ ಕೆಂಚ ಬಿಟ್ಟ ಬಾಣದ ಹಾಗೆ ಓಡಿಬಂತು. ನಮ್ಮ ಜೊತೆ ಬಂದಿದ್ದ ಅಕ್ಕ ಆ ದಿನ ರೊಟ್ಟಿಗೆ ಬೆಣ್ಣೆಯ ಬದಲು ತುಪ್ಪವನ್ನೇ ಸುರಿದಿದ್ದಳು. ಜೇಬಿನಿಂದ ಘಮಘಮ.

ಅಪ್ಪ ಕಾಕಾನಿಗೆ ಮೊದಲು ಕೂರಲು ಹೇಳಿದ. ನಿಂತು ಕೊಟ್ಟರೆ ನಾಯಿಗೆ ಭಯ. ಆಮೇಲೆ ತನ್ನ ಅಂಗೈ ಚಾಚಿ, ಅದರ ಮೇಲೆ ಕಾಕಾನ ಅಂಗೈ ಇಡಿಸಿ, ಮೇಲೆ ಒಂದು ಚೂರು ಇಟ್ಟ. ಕೆಂಚ ಮೂಸಿತು. ಕೆಳಗಿನ ಕೈಯನ್ನು ಒಮ್ಮೆ ನೆಕ್ಕಿ, ಮೇಲಿನ ಕೈಯಿಂದ ತುಟಿಯ ತುದಿಯಲ್ಲೇ ಚೂರನ್ನು ಎತ್ತಿಕೊಂಡಿತು. ಅಕ್ಕ ಚಪ್ಪಾಳೆ ಹೊಡೆದಳು. ಕಾಕಾ ಹಲ್ಲು ಬಿಟ್ಟು, "ಆತಲ್ಲ ಅಣ್ಣಾ!" ಅಂದ. ಅಪ್ಪ ನಗಲಿಲ್ಲ. ಮತ್ತೆ ಒಂದಷ್ಟು ಸಲ ಹಾಗೇ ಮಾಡಿಸಿ, ಆಮೇಲೆ ತನ್ನ ಕೈಯನ್ನು ಹಿಂದಕ್ಕೆ ಜಾರಿಸಿ ಕಾಕಾನ ಮಣಿಕಟ್ಟು ಮಾತ್ರ ಹಿಡಿದ. ಕೆಂಚ ಅಪ್ಪನ ಮುಖ ನೋಡಿತು, ತಿಂತು. ಆಮೇಲೆ ಅಪ್ಪ ಪೂರಾ ಕೈ ತೆಗೆದ.

ಕೆಂಚ ಅಲ್ಲೇ ಕೂತುಬಿಟ್ಟಿತು. ಚೂರನ್ನು ನೋಡಲೂ ಇಲ್ಲ.

ಮತ್ತೆ ಮಣಿಕಟ್ಟು ಹಿಡಿದರೆ ತಿನ್ನುತ್ತಿತ್ತು, ಬಿಟ್ಟರೆ ಇಲ್ಲ. ಒಂದು ಬೆರಳು ತಾಗಿಸಿದರೂ ತಿನ್ನುತ್ತಿತ್ತು. ಆ ಬೆರಳು ತೆಗೆದರೆ ಮತ್ತೆ ಕೂತು ಅಪ್ಪನ ಮುಖವನ್ನೇ ನೋಡುತ್ತಿತ್ತು. ಬಿಸಿಲು ನೆತ್ತಿಗೆ ಬಂದರೂ ಇದೇ ನಡೆದಿತ್ತು. ಕಾಕಾನಿಗೆ ತಾಳ್ಮೆ ಕಡಿಮೆ. ಕೊನೆಗೆ ಒಂದು ತುಂಡು ತೆಗೆದು ಕೆಂಚನ ಮುಂದೆ ಎಸೆದು, "ತಿನ್ನಲೇ! ಏನ್ ವಿಷಾ ಹಾಕಾಕತ್ತೀನಿ ನಾ?" ಎಂದು ಒದರಿದ.

ಅಪ್ಪನಿಗೆ ಸಿಟ್ಟು ಬಂದು ಕೆಮ್ಮು ಒತ್ತಿಬಂತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದ ಮೇಲೆ, "ಸಿಟ್ಟಿಲೆ ಚಾಚಿದ ಕೈ ಯಾವ ನಾಯಿಗೂ ಬೇಕಾಗೂದಿಲ್ಲ ತಮ್ಮಾ," ಅಂದ.

"ಹಂಗಂದ್ರ ನಾ ಏನ್ ಮಾಡ್ಲಿ ಅಣ್ಣಾ? ಹಸದ ನಾಯಿ ಕರಕೊಂಡು ಕಾಡಿನ ಬಾಜು ಹೆಂಗ ಇರ್ಲಿ? ಮೈಯಾಗ ಕಸುವಿಲ್ಲದ್ದು ತೋಳದ ಮುಂದ ಏನ್ ನಿಂದರ್ತೈತಿ? ಇಲ್ಲಾ, ಹಗ್ಗ ಕಡಕೊಂಡು ನಿನ್ನ ಹುಡುಕ್ಕೋತ ದಾರಿ ಹಿಡೀತೈತಿ, ಎಲ್ಲೋ ಸಾಯ್ತೈತಿ. ಇದನ್ನ ಇಲ್ಲೇ ಬಿಡೂಣು. ನನ್ನ ಹಣೆಬಾರ ಇದ್ದಂಗ ಆಗ್ಲಿ."

ನನಗೆ ಕುಣಿಯುವಷ್ಟು ಸಂತೋಷ ಆಯಿತು. ತಿನ್ನಬೇಡ ಕೆಂಚ, ತಿನ್ನಬೇಡ ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದವಳು ನಾನು. ಕೆಂಚ ನಮ್ಮ ಮನೆಯಲ್ಲೇ ಇರುತ್ತದೆ, ನಮ್ಮ ಕಟ್ಟೆಯ ಮೇಲೆ ಮಲಗುತ್ತದೆ, ಅಪ್ಪನಿಗೂ ಜೊತೆಯಾಗುತ್ತದೆ. ಇಷ್ಟು ಸುಲಭದ ಮಾತು ದೊಡ್ಡವರಿಗೆ ಯಾಕೆ ಹೊಳೆಯುವುದಿಲ್ಲ ಅನ್ನಿಸಿತ್ತು. ಅವ್ವ ಅಷ್ಟೊತ್ತಿಗೆ ಬುತ್ತಿ ತಂದಿದ್ದಳು. ಅವಳೂ, "ಸಾಕ ಮಾಡ್ರಿ. ಇರ್ಲಿ ಅದು ಮನ್ಯಾಗ," ಅಂದಳು. ಆ ನಾಯಿಯನ್ನು ದಿನಾ ಬೈಯುವ ಅವ್ವ!

"ಮನ್ಯಾಗ ಇದ್ದು ಏನ್ ಕಾಯ್ತೈತಿ? ನನ್ನ ಕೆಮ್ಮ ಕಾಯ್ತೈತೇನು?" ಎಂದ ಅಪ್ಪ. "ಕುರಿ ಇಲ್ಲದ ಅದಕ ಹೊತ್ತು ಹೋಗೂದಿಲ್ಲ. ನಾ ಇನ್ನೆಷ್ಟ ದಿನಾ ಕೈ ಚಾಚಾವ? ಆಮ್ಯಾಲೆ ಯಾರ ಕೈಲೆ ತಿಂತೈತಿ ಅದು?"

ಅವ್ವ ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ಹಂಚಿದಳು. ಊಟ ಯಾರಿಗೂ ಸೇರಲಿಲ್ಲ.

ಊಟದ ನಂತರ ಅಪ್ಪ ಅಂಗಿಯ ಜೇಬನ್ನು ಪೂರಾ ಬರಿದು ಮಾಡಿ, ಇದ್ದಬದ್ದ ಚೂರನ್ನೆಲ್ಲ ಕಾಕಾನ ಜೇಬಿಗೆ ಸುರಿದ. "ನನ್ನ ಕೈ ಕಾಣೂ ತನಕ ಅದಕ ನಿನ್ನ ಕೈ ಕಾಣೂದಿಲ್ಲ," ಅಂದ. ಶಾಬಾಸ್ ಅನ್ನುವ ಮಾತನ್ನೂ ಕಾಕಾನಿಗೇ ಒಪ್ಪಿಸಿದ. ಜೋರಾಗಿ ಬೇಡ, ಮೆತ್ತಗೆ, ಕೊನೆಗೆ ಸ್ವಲ್ಪ ಎಳೆದು ಅನ್ನಬೇಕೆಂದು ಹೇಳಿಕೊಟ್ಟ. ಕಾಕಾ ನಾಚಿಕೊಳ್ಳುತ್ತ ಅಂದು ನೋಡಿದ. ಬೇರೆ ದಿನವಾಗಿದ್ದರೆ ಅಕ್ಕನೂ ನಾನೂ ಬಿದ್ದು ಬಿದ್ದು ನಗುತ್ತಿದ್ದೆವು.

ಆಮೇಲೆ ಅಪ್ಪ ಬಯಲಿನ ನಡುವೆ ಒಂದು ಕಲ್ಲಿನ ಮೇಲೆ ಕೂತ. ಕೈ ಎರಡನ್ನೂ ಕಂಬಳಿಯೊಳಗೆ ಇಟ್ಟುಕೊಂಡ. ಕುರಿಗಳು ಮೇಯುತ್ತ ಆಚೀಚೆ ಸರಿಯುತ್ತಿದ್ದವು. ಕೆಂಚ ತನ್ನ ಕೆಲಸಕ್ಕೆ ಹೋಯಿತು. ದೂರ ಸರಿದ ಒಂದು ಕುರಿಯನ್ನು ಗುಂಪಿಗೆ ತಂದು, ಅಪ್ಪನ ಮುಂದೆ ಬಂದು ನಿಂತು ಮುಖ ಎತ್ತಿತು. ಅಪ್ಪ ಕೆರೆಯ ಕಡೆ ನೋಡುತ್ತಿದ್ದ. ಶಾಬಾಸ್ ಅನ್ನಲಿಲ್ಲ. ಕೈ ಹೊರಗೆ ಬರಲಿಲ್ಲ. ಆಚೆ ಕಡೆಯಿಂದ ಕಾಕಾ ಶಾಬಾಸ್ ಅಂದ, ಚೂರು ಚಾಚಿದ. ಕೆಂಚ ಅತ್ತ ತಿರುಗಲಿಲ್ಲ.

ತಾನು ಮಾಡಿದ್ದು ಸಾಲಲಿಲ್ಲ ಅಂದುಕೊಂಡಿತೋ ಏನೋ. ಮತ್ತೆ ಓಡಿಹೋಗಿ ಇಡೀ ಹಿಂಡನ್ನು ಒಂದು ಸುತ್ತು ಹಾಕಿ, ಎಲ್ಲವನ್ನೂ ಒತ್ತಾಗಿ ಕೂಡಿಸಿ ಬಂತು. ಮುಖ ಎತ್ತಿತು. ಇಲ್ಲ. ಹೆಗಲಿಂದ ಜಾರಿ ಬಿದ್ದಿದ್ದ ಅಪ್ಪನ ಟವೆಲ್ ಅನ್ನು ಕಚ್ಚಿ ತಂದು ಕಾಲ ಬಳಿ ಇಟ್ಟಿತು. ಇಲ್ಲ. ಕುರಿಗಳು ಚದುರಿರಲೇ ಇಲ್ಲ, ಆದರೂ ಮತ್ತೆ ಮತ್ತೆ ಹೋಗಿ ಸುತ್ತು ಹಾಕಿ ಹಾಕಿ ಬರುತ್ತಿತ್ತು. ಮೇಯುವ ಕುರಿಗಳು ಬೇಸತ್ತು ತಲೆಯಾಡಿಸುತ್ತಿದ್ದವು. ನಾಲಿಗೆ ಹೊರಬಿದ್ದು, ಹಸಿದ ಹೊಟ್ಟೆ ಬೆನ್ನಿಗೆ ಹತ್ತಿ, ಕೆಂಚ ತನಗೆ ಬರುವ ಕೆಲಸವನ್ನೆಲ್ಲ ಮಾಡಿ ತೋರಿಸಿತು. ಕೊನೆಗೆ ಅಪ್ಪನ ಮುಂದೆ ಕೂತು, ಮರಿಯಿದ್ದಾಗ ಮಾಡುತ್ತಿದ್ದ ಹಾಗೆ ಸಣ್ಣ ದನಿ ತೆಗೆಯಿತು.

ನಾನು ಅಪ್ಪನ ಮೇಲೆ ಹೋಗಿ ಬಿದ್ದೆ. ಕಂಬಳಿ ಎಳೆದು, ಅತ್ತು, "ಅಪ್ಪಾ, ಒಂದ ಚೂರರೆ ಕೊಡು! ಎಷ್ಟ ಮಾಡೇತಿ ಅದು!" ಎಂದು ಗುದ್ದಿದೆ.

ಅಪ್ಪ ನನ್ನ ಕೈ ಹಿಡಿದುಕೊಂಡ. "ಈಗ ಕೊಟ್ರ, ನನ್ನ ಮುಂದ ಇಷ್ಟೊತ್ತ ಕುಂತದ್ದಕ್ಕ ಕೊಟ್ಟಂಗ ಆಗ್ತೈತಿ ಯವ್ವಾ. ಕಾಯ್ಕೋತ ಕುಂತ್ರ ಸಿಗ್ತೈತಿ ಅಂತ ಕಲೀತೈತಿ. ಆಮ್ಯಾಲೆ ಅಲ್ಲಿ ಹೋಗಿನೂ ಕಾಯ್ಕೋತ ಕೂಡ್ತೈತಿ, ನಾ ಬರ್ತೀನಂತ," ಎಂದ. ಆಮೇಲೆ ಬಹಳ ಮೆತ್ತಗೆ, ಕೆಂಚನಿಗೆ ಕೇಳದ ಹಾಗೆ, "ನನಗೇನ್ ಕಲ್ಲಿನ ಎದಿ ಐತೇನು?" ಅಂದ.

ಹೊತ್ತು ಇಳಿಯುತ್ತಿತ್ತು. ಕೆರೆಯ ನೀರು ಕೆಂಪಾಗಿ, ಬೆಳ್ಳಕ್ಕಿ ಸಾಲು ಹಿಡಿದು ಊರ ಕಡೆ ಹೊರಟಿದ್ದವು. ಅಷ್ಟರಲ್ಲಿ ನಾಲ್ಕಾರು ಮರಿ ತಪ್ಪಿಸಿಕೊಂಡು ಕಡಲೆ ಹೊಲಕ್ಕೆ ನುಗ್ಗಿದವು. ಇನ್ನೊಬ್ಬರ ಹೊಲ, ಕಾಯಿ ಹಿಡಿದ ಬೆಳೆ, ಹಿಂಡಿನವರಿಗೆ ಇದಕ್ಕಿಂತ ದೊಡ್ಡ ಆಪತ್ತಿಲ್ಲ. ಕಾಕಾ ಬೆರಳು ಬಾಯಿಗಿಟ್ಟು ಸಿಳ್ಳು ಹಾಕಿದ. ಕೆಂಚ ಎದ್ದು ನಿಂತು, ಹೋಗಲೋ ಬೇಡವೋ ಅಂತ ಅಪ್ಪನನ್ನು ನೋಡಿತು.

ಆಗ ಅಪ್ಪ ಕೂತಲ್ಲೇ ತಿರುಗಿದ. ಕೆಂಚನಿಗೆ ಬೆನ್ನು ಮಾಡಿ, ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ನಾನು ಅವನ ಎದುರಿಗೆ ನಿಂತಿದ್ದೆ. ಅವನಿಗೆ ನಾನು ಕಾಣುತ್ತಿದ್ದೆ, ನನಗೆ ಅವನ ಹಿಂದಿನ ಬಯಲೆಲ್ಲ ಕಾಣುತ್ತಿತ್ತು.

"ಹೋತೇನು?" ಎಂದು ಕೇಳಿದ.

"ಹೋತು ಅಪ್ಪಾ. ಮರಿ ಹೊಳ್ಳಸಾಕತ್ತೈತಿ."

ಕೆಂಚ ಹೊಲದೊಳಗೆ ಬಗ್ಗಿ ಓಡಿ, ಒಂದು ಗಿಡವನ್ನೂ ಮುರಿಯದೆ ಮರಿಗಳನ್ನು ಹೊರಗೆ ತಳ್ಳಿತು. ಗುಂಪಿಗೆ ಸೇರಿಸಿತು. ಕಾಕಾ ನೆಲಕ್ಕೆ ಕೂತು ಕೈ ಚಾಚಿದ. ಶಾಬಾಸ್ ಅಂದ. ಮೆತ್ತಗೆ, ಕೊನೆಗೆ ಎಳೆದು. ಆ ಒರಟು ಕಾಕಾನ ದನಿ ಒಡೆದಿತ್ತು, ಅವನೂ ಅಳುತ್ತಿದ್ದ. ಕೆಂಚ ಕಾಕಾನಿಗೂ ನಮಗೂ ನಡುವೆ ನಿಂತಿತು.

"ಈಗ?"

"ನೋಡಾಕತ್ತೈತಿ."

"ಯಾರನ್ನ?"

"ನಿನ್ನ."

ಅಪ್ಪ ಕಣ್ಣು ಮುಚ್ಚಿಕೊಂಡ. ಕೆಂಚ ಅಪ್ಪನ ಬೆನ್ನನ್ನು ಬಹಳ ಹೊತ್ತು ನೋಡಿತು. ಅದರ ಬಾಲ ಎರಡು ಸಲ ಅಲ್ಲಾಡಿ ನಿಂತಿತು. ಆಮೇಲೆ ತಲೆ ತಗ್ಗಿಸಿ, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಕಾಕಾನ ಹತ್ತಿರ ಹೋಯಿತು. ಕೈ ಮೂಸಿತು.

ನನಗೆ ಸುಳ್ಳು ಹೇಳಬೇಕೆನಿಸಿತು. ತಿನ್ನಲಿಲ್ಲ ಅಂದರೆ ಅಪ್ಪ ತಿರುಗುತ್ತಿದ್ದ, ಕೆಂಚ ಓಡಿಬರುತ್ತಿತ್ತು, ಎಲ್ಲ ಮೊದಲಿನ ಹಾಗೇ ಆಗುತ್ತಿತ್ತು. ಆದರೆ ಅಪ್ಪನ ಮುಖ ನೋಡಿದರೆ ಬಾಯಿ ಬರಲಿಲ್ಲ.

"ತಿಂತು ಅಪ್ಪಾ," ಅಂದೆ.

ಅಪ್ಪ ತಲೆಯಾಡಿಸಿದ. "ಶಾಣ್ಯಾ ಐತಿ," ಅಂದ. ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡ. ಕತ್ತಲಾಗುವ ಮೊದಲೇ ನನ್ನ ಹೆಗಲು ಹಿಡಿದು ಎದ್ದು ಮನೆಯ ದಾರಿ ಹಿಡಿದ. ಒಮ್ಮೆಯೂ ಹಿಂದೆ ನೋಡಲಿಲ್ಲ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಬೆಳಗ್ಗೆ ಹಿಂಡು ಕಲಘಟಗಿಯ ಕಡೆ ಹೋಯಿತು. ಮಳೆಗಾಲ ಹತ್ತಿರ ಬಂದಾಗ ಕಾಕಾ ತಿರುಗಿ ಬಂದ. ಒಂದು ಮರಿಯನ್ನೂ ತೋಳಕ್ಕೆ ಕೊಟ್ಟಿರಲಿಲ್ಲ. ಅಪ್ಪ ಅಷ್ಟೊತ್ತಿಗೆ ಬಹಳ ಸೋತಿದ್ದ, ಆದರೂ ಊರ ಬಾಗಿಲಾದ ಅಗಸಿಯವರೆಗೆ ನಡೆದು ಬಂದು ಕಟ್ಟೆಯ ಮೇಲೆ ಕೂತಿದ್ದ. ಕೆಂಚ ದೂರದಿಂದಲೇ ಗುರುತು ಹಿಡಿದು ಓಡಿಬಂದು, ಕುಂಯ್‌ಗುಟ್ಟಿ, ಅಪ್ಪನ ಮೈಮೇಲೆಲ್ಲ ಹಾರಿ, ಮುಖ ನೆಕ್ಕಿ, ಕಟ್ಟೆಯ ಸುತ್ತ ಹುಚ್ಚು ಹಿಡಿದ ಹಾಗೆ ತಿರುಗಿತು. ಅಪ್ಪ ನಕ್ಕು ನಕ್ಕು ಕೆಮ್ಮಿದ. ಆಮೇಲೆ ಜೇಬಿಗೆ ಕೈ ಹಾಕಿ ಒಂದು ರೊಟ್ಟಿಚೂರು ಚಾಚಿದ. ಕೆಂಚ ಆ ಕೈಯನ್ನು ನೆಕ್ಕಿತು, ಬೆರಳು ಬೆರಳನ್ನೂ ನೆಕ್ಕಿತು. ಚೂರನ್ನು ಮುಟ್ಟಲಿಲ್ಲ. ತಿರುಗಿ, ಹಿಂಡಿನ ಹಿಂದೆ ಬರುತ್ತಿದ್ದ ಕಾಕಾನನ್ನು ನೋಡಿತು.

"ಶಾಬಾಸ್," ಅಂದ ಅಪ್ಪ. ಕೆಂಚ ಹಿಂಡಿನ ಕಡೆ ಓಡಿತು. ಆ ಚೂರನ್ನು ಅಪ್ಪ ತನ್ನ ಬಾಯಿಗೇ ಹಾಕಿಕೊಂಡು ಬಹಳ ಹೊತ್ತು ಜಗಿದ. ಒಣ ರೊಟ್ಟಿ ನುಂಗಲು ಅವನಿಗೆ ಆಗ ಕಷ್ಟವಾಗುತ್ತಿತ್ತು.

ಮೊಮ್ಮಕ್ಕಳೇ, ಇನ್ನೊಂದು ಮಾತಿದೆ. ನಾನು ಆಗ ದಿನಾ ಸಂಜೆ ಅಪ್ಪನ ತಾಟಿನಲ್ಲೇ ಉಣ್ಣುತ್ತಿದ್ದೆ. ಅವನ ಮಗ್ಗುಲಿಗೆ ಕೂತರೆ ಮೊದಲ ತುತ್ತು ನನಗೆ. ಆ ಮಳೆಗಾಲದಲ್ಲಿ ಒಂದು ಸಂಜೆ ಹೋಗಿ ಕೂತೆ. ಅಪ್ಪ ತುತ್ತು ಕೊಡಲಿಲ್ಲ. "ನಿಮ್ಮವ್ವನ ತಾಟಿನ್ಯಾಗ ಉಣ್ಣು ಹೋಗು," ಅಂದ. ಕೆಮ್ಮು ನನಗೂ ಹತ್ತೀತು ಅಂತ ಹಾಗೆ ಅಂದನೇನೋ ಎಂದುಕೊಂಡೆ. ಮರುದಿನವೂ ಅದೇ ಮಾತು. ಅತ್ತೆ, ಮುನಿಸಿಕೊಂಡೆ, ಉಣ್ಣದೆ ಮಲಗಿದೆ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ಕೊನೆಗೆ ಹಸಿವು ತಡೆಯದೆ ಅವ್ವನ ಮಗ್ಗುಲಿಗೆ ಹೋಗಿ ಕೂತೆ. ಅವ್ವ ತುತ್ತು ಕೊಟ್ಟಳು, ತಿಂದೆ. ಮುಂದಿನ ಸಂಕ್ರಾಂತಿಗೆ ಅಪ್ಪ ಇರಲಿಲ್ಲ. ಅಪ್ಪ ಹೋದ ದಿನ ಮನೆಯಲ್ಲಿ ಎಲ್ಲರೂ ಅಳುವಾಗ ಅವ್ವ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅನ್ನ ಕಲಸಿ ತಿನ್ನಿಸಿದಳು, ನಾನು ಹಟ ಮಾಡದೆ ತಿಂದೆ. ಕೆಂಚನಿಗೆ ಕಲಿಸಿದ್ದನ್ನೇ ಅಪ್ಪ ನನಗೂ ಕಲಿಸಿ ಹೋದ ಅಂತ ತಿಳಿಯಲು ನಾನು ದೊಡ್ಡವಳಾಗಬೇಕಾಯಿತು.

ಈಗ ನಿಮ್ಮ ಕಾಲ ಬೇರೆ. ಧಾರವಾಡದ ನಿಮ್ಮ ಮನೆಯ ನಾಯಿ ಸೋಫಾದ ಮೇಲೆ ಮಲಗುತ್ತದೆ. ಪ್ಯಾಕೆಟ್ಟಿನಲ್ಲಿ ಎಲುಬಿನ ಆಕಾರದ ಬಿಸ್ಕೀಟು ಬರುತ್ತದೆ. ಕೂರು ಅಂದಾಗ ಕೂತರೆ ಹೇಗೆ, ಯಾವಾಗ ಕೊಡಬೇಕು ಅಂತ ಮೊಬೈಲಿನಲ್ಲಿ ಯಾರೋ ಹುಡುಗಿ ಹೇಳಿಕೊಡುತ್ತಾಳೆ. ಕೂಡಲೇ ಕೊಡಿ, ಸಣ್ಣ ಚೂರು ಕೊಡಿ ಅಂತ ಆ ಹುಡುಗಿ ಹೇಳುವುದನ್ನು ಕೇಳಿ ನಾನು ಒಳಗೊಳಗೇ ನಗುತ್ತೇನೆ. ನಿಮ್ಮ ನಾಯಿ ನಿಮ್ಮ ಕೈಯಿಂದಲೂ ತಿನ್ನುತ್ತದೆ, ಹಾಲು ಹಾಕುವವನ ಕೈಯಿಂದಲೂ ತಿನ್ನುತ್ತದೆ. ಹಿಂಡು ಕಾಯಲು ಅದರಿಂದ ಏನೇನೂ ಉಪಯೋಗವಿಲ್ಲ. ಆದರೆ ಯಾರೊಬ್ಬರು ಇಲ್ಲದಿದ್ದರೂ ಅದು ಉಪವಾಸ ಬೀಳುವುದಿಲ್ಲ, ಅದೂ ಒಂದು ಪುಣ್ಯ.

ನಿಮಗೂ ನಿಮ್ಮದೇ ತಾಟು, ಚಮಚ, ಕುರ್ಚಿ ಎಲ್ಲ ಇವೆ. ಆದರೂ ರಾತ್ರಿ ನಾನು ಉಣ್ಣಲು ಕೂತರೆ ನಿಮ್ಮಲ್ಲಿ ಚಿಕ್ಕವಳು ಬಂದು ಮಗ್ಗುಲಿಗೆ ಕೂತು ಬಾಯಿ ತೆರೆಯುತ್ತಾಳೆ. "ಅತ್ತಿ, ರೂಢಿ ಮಾಡಬ್ಯಾಡ್ರಿ, ನೀವು ಇಲ್ಲದಾಗ ಉಣ್ಣಂಗೇ ಇಲ್ಲ ಅಕಿ," ಎಂದು ನಿಮ್ಮವ್ವ ಬೈಯುತ್ತಾಳೆ. ಅವಳು ಹೇಳುವುದು ಖರೆ. ನನಗೂ ವಯಸ್ಸಾಯಿತು, ನಾಳೆಯಿಂದ ಕೊಡಬಾರದು ಎಂದು ದಿನಾ ಅಂದುಕೊಳ್ಳುತ್ತೇನೆ. ಆದರೆ ಆ ಸಣ್ಣ ಬಾಯಿ ತೆರೆದರೆ ಕೈ ತಾನೇ ಹೋಗಿಬಿಡುತ್ತದೆ. ಅಪ್ಪನಿಗಿದ್ದಷ್ಟು ಧೈರ್ಯ ನನಗೆ ಬರಲಿಲ್ಲ.